ಉಗುರಿನ ಸಂದಿಯ ಗ್ರೀಸು

ನನ್ನ ಬಳಿ 1972ರ ಒಂದು ಫೋಕ್ಸ್‌ವ್ಯಾಗನ್ ಬೀಟಲ್ ಇದೆ. ಅದರ ಟ್ಯಾಪೆಟ್ ಹೊಂದಿಸುವ ಕೆಲಸವನ್ನು ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಮಾಡಬೇಕು. ಆದುದರಿಂದ ಕೆಲವು ಶನಿವಾರಗಳ ಬೆಳಿಗ್ಗೆ, ಹೊರಗೆ ವುಡಿನ್‌ವಿಲ್‌ನ ಜಿನುಗುಮಳೆ ಹಿಡಿದಿರುವಾಗ, ಗ್ಯಾರೇಜಿನ ಬಾಗಿಲನ್ನು ಅರ್ಧ ಎತ್ತಿ ಕಾರಿನ ಹಿಂಬದಿಯಲ್ಲಿ ಮಂಡಿಯೂರುತ್ತೇನೆ. ಕವಾಟದ ಕಾಂಡಕ್ಕೂ ಅದನ್ನು ಒತ್ತುವ ತಿರುಪಿಗೂ ನಡುವೆ 0.15 ಮಿಲಿಮೀಟರ್ ಅಂತರವಿರಬೇಕು. ಅದಕ್ಕಿಂತ ಕಡಿಮೆಯಾದರೆ ಕವಾಟ ಸುಟ್ಟುಹೋಗುತ್ತದೆ; ಹೆಚ್ಚಾದರೆ ಎಂಜಿನ್ ಹೊಲಿಗೆ ಯಂತ್ರದಂತೆ ಟಕಟಕಿಸುತ್ತದೆ. ಎರಡು ಗಂಟೆಗಳ ಈ ಕೆಲಸ ಮುಗಿಯುವ ಹೊತ್ತಿಗೆ ಉಗುರುಗಳ ಸಂದಿಯಲ್ಲಿ ಸೇರಿಕೊಂಡ ಕಪ್ಪು, ಸೋಮವಾರದ ಮೀಟಿಂಗಿನವರೆಗೂ ಹೋಗುವುದಿಲ್ಲ.

ಈಚೆಗೆ ಮನೆಗೆ ಬಂದಿದ್ದ ಕನ್ನಡದ ಗೆಳೆಯರೊಬ್ಬರು ನನ್ನ ಕೈಗಳನ್ನು ನೋಡಿ, "ಎಂಥ ಒಳ್ಳೆಯ ಹವ್ಯಾಸ ನಿಮ್ಮದು!" ಎಂದರು. ಮೆಚ್ಚುಗೆ ನಿಜವಾದುದೇ. ಆದರೆ 'ಹವ್ಯಾಸ' ಎಂಬ ಆ ಮಾತು ನನ್ನನ್ನು ಕಾಡತೊಡಗಿತು. ಏಕೆಂದರೆ ನಾನು ಬೆಳೆದ ಹಾಸನದ ಮನೆಯಲ್ಲಿ ಇದೇ ಕೆಲಸಕ್ಕೆ ಬೇರೆ ಹೆಸರಿತ್ತು, ಅದು ಬೆದರಿಕೆ. ಗಣಿತದಲ್ಲಿ ಅಂಕ ಕಡಿಮೆ ಬಂದಾಗಲೆಲ್ಲ ತಂದೆಯವರು ಹೇಳುತ್ತಿದ್ದರು: "ಓದದೆ ಹೋದ್ರೆ ಗ್ಯಾರೇಜಿಗೆ ಸೇರಿಸಿಬಿಡ್ತೀನಿ, ನೋಡ್ತಿರು." ಈ ಬರಹವನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರು ಇದೇ ವಾಕ್ಯವನ್ನು ಕೇಳಿಯೇ ಇಂಜಿನಿಯರುಗಳಾದವರು ಎಂದು ನಾನು ಊಹಿಸಬಲ್ಲೆ.

ಆ ಗ್ಯಾರೇಜು ನಮ್ಮ ಬೀದಿಯ ತುದಿಯಲ್ಲೇ ಇತ್ತು. ಅದನ್ನು ನಡೆಸುತ್ತಿದ್ದವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ತಂದೆಯವರ ಸೆಕೆಂಡ್ ಹ್ಯಾಂಡ್ ಫಿಯೆಟ್ ಕೆಟ್ಟಾಗ ಅವರೇ ಮನೆಗೆ ಬರುತ್ತಿದ್ದರು, ಜೊತೆಗೆ ನನ್ನದೇ ವಯಸ್ಸಿನ ಒಬ್ಬ ಹುಡುಗ. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಅದರ ಬಣ್ಣ ನೋಡಿ ಉಸ್ತಾದರು ಎಂಜಿನ್ನಿನ ಒಳಗಿನ ಸ್ಥಿತಿಯನ್ನು ಹೇಳುತ್ತಿದ್ದರು: ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಬಿಳಚಿಕೊಂಡಿದ್ದರೆ ಗಾಳಿ ಹೆಚ್ಚು, ತಿಳಿಗಂದು ಬಣ್ಣವಿದ್ದರೆ ಎಲ್ಲವೂ ಸರಿ. ಪ್ಲಗ್ಗಿನ ಅಂತರವನ್ನು ಅಳೆಯಲು ಅವರ ಜೇಬಿನಲ್ಲಿ ಇರುತ್ತಿದ್ದುದು ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡು. ಅದನ್ನು ಕಂಡು ನಾನು ಮನಸ್ಸಿನಲ್ಲೇ ನಕ್ಕಿದ್ದೆ. ದಶಕಗಳ ನಂತರ ಇಲ್ಲಿ ಅಂಥದೇ ಬ್ಲೇಡೊಂದನ್ನು ಮೈಕ್ರೋಮೀಟರಿನಲ್ಲಿ ಇಟ್ಟು ನೋಡಿದೆ: 0.63 ಮಿಲಿಮೀಟರ್. ನನ್ನ ಕಾರಿಗೆ ಬೇಕಾದ ಅಂತರ 0.6ರಿಂದ 0.7. ಉಸ್ತಾದರ ಜೇಬಿನಲ್ಲಿದ್ದುದು ಒರಟು ಅಂದಾಜಲ್ಲ, ಅಳತೆಗೋಲು.

ಕೆಲಸ ಮುಗಿದ ಮೇಲೆ ನಮ್ಮ ಮನೆಯಿಂದ ಅವರಿಬ್ಬರಿಗೂ ಕಾಫಿ ಹೋಗುತ್ತಿತ್ತು. ಅಂಗಳಕ್ಕೆ, ಬೇರೆಯದೇ ಲೋಟಗಳಲ್ಲಿ. ಆ ಲೋಟಗಳು ಬಚ್ಚಲಿನ ಗೂಡಿನಲ್ಲಿ ಇರುತ್ತಿದ್ದವು. ಲೋಟಗಳನ್ನು ಕೊಂಡೊಯ್ದು ಕೊಡುತ್ತಿದ್ದವನು ನಾನು.

ಅಂಬೇಡ್ಕರರು 1936ರಲ್ಲೇ ಸ್ಪಷ್ಟಪಡಿಸಿದಂತೆ, ಜಾತಿ ವಿಭಜಿಸುವುದು ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ. ಆ ವಿಭಜನೆ ಜ್ಞಾನವನ್ನೂ ಸೀಳಿತು ಎಂಬುದು ನನಗೆ ಮನದಟ್ಟಾದುದು ಈ ಗ್ಯಾರೇಜಿನಲ್ಲಿ. ಪುಸ್ತಕ ಓದಿದವನದು ವಿದ್ಯೆ. ಕೈಯಿಂದ ಕಲಿತವನದು ಬರೀ 'ಕಸುಬು'. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಈ ಸೀಳನ್ನು ಹೊಲಿಯುವ ಪ್ರಯತ್ನ ನಡೆದಿತ್ತು. ಮಾದಾರ ಚೆನ್ನಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಮುಂತಾದವರ ಹೆಸರಿನಲ್ಲೇ ಅವರ ಕಾಯಕವಿದೆ. ಅದನ್ನು ಅಳಿಸಿಕೊಂಡು ಅವರು ಅನುಭಾವಿಗಳಾಗಲಿಲ್ಲ. ನಾವಾದರೋ ಬಸವ ಜಯಂತಿಯಂದು ಕಾಯಕದ ಬ್ಯಾನರು ಕಟ್ಟುತ್ತೇವೆ. ಮರುದಿನ ಮಗ ಕಾಲೇಜಿನ ಬದಲು ಪ್ಲಂಬಿಂಗ್ ಕಲಿಯುತ್ತೇನೆಂದರೆ ಆಪ್ತಸಲಹೆಗಾರರನ್ನು ಹುಡುಕುತ್ತೇವೆ.

ಇಲ್ಲಿ ಒಂದು ಸಮಾಧಾನದ ಮಾತು ನಮ್ಮ ನಡುವೆ ಚಾಲ್ತಿಯಲ್ಲಿದೆ: "ಅಮೆರಿಕದಲ್ಲಿ ದುಡಿಮೆಗೆ ಗೌರವವಿದೆ, ಇಲ್ಲಿನ ಸಂಸ್ಕೃತಿಯೇ ಹಾಗೆ." ಇದು ಅರ್ಧಸತ್ಯ. ನನಗೆ ಜಾಕ್ ಸ್ಟ್ಯಾಂಡ್ ಎರವಲು ಕೊಡುವ ಪಕ್ಕದ ಮನೆಯ ಹಿರಿಯರು ಬೋಯಿಂಗ್ ಕಾರ್ಖಾನೆಯಲ್ಲಿ ಯಂತ್ರಕರ್ಮಿಯಾಗಿ ದುಡಿದು ನಿವೃತ್ತರಾದವರು. ಅವರಿಗೆ ಸ್ವಂತ ಮನೆಯಿದೆ, ಪಿಂಚಣಿಯಿದೆ. ಅದು ಸಂಸ್ಕೃತಿ ತಂದುಕೊಟ್ಟದ್ದಲ್ಲ, ಸಂಘಟನೆ ಗಳಿಸಿಕೊಟ್ಟದ್ದು. 2024ರ ಶರತ್ಕಾಲದಲ್ಲಿ ಸುಮಾರು 33,000 ಯಂತ್ರಕರ್ಮಿಗಳು ಏಳು ವಾರಗಳಿಗೂ ಹೆಚ್ಚು ಕಾಲ ಮುಷ್ಕರ ಹೂಡಿದ್ದನ್ನು ಸಿಯಾಟಲ್ ಸುತ್ತಮುತ್ತಲಿನ ನಾವೆಲ್ಲ ಕಂಡಿದ್ದೇವೆ. ಅದೇ ನಮ್ಮ ಬೀದಿಯಲ್ಲಿ ಹುಲ್ಲು ಕತ್ತರಿಸಲು ಬರುವ, ಸ್ಪ್ಯಾನಿಷ್ ಮಾತನಾಡುವ ಕಾರ್ಮಿಕರಿಗೆ ಸಂಘವೂ ಇಲ್ಲ, ಪಿಂಚಣಿಯೂ ಇಲ್ಲ. ಅವರ ಹೆಸರನ್ನು ಕೇಳಿದವರೂ ಕಡಿಮೆ. ದುಡಿಮೆಯ ಗೌರವ ಎಲ್ಲಿಯೂ ನೆಲದ ಗುಣವಾಗಿ ಬರುವುದಿಲ್ಲ, ಹೋರಾಡಿದಷ್ಟು ಸಿಗುತ್ತದೆ.

ನಾವು ತಂದ ಗಂಟಿನಲ್ಲಿ ಏನಿತ್ತೆಂಬುದೂ ಈಗ ಗುಟ್ಟಲ್ಲ. 2023ರ ಫೆಬ್ರುವರಿ 21ರಂದು, ಕ್ಷಮಾ ಸಾವಂತ್ ಅವರು ಮಂಡಿಸಿದ ಪ್ರಸ್ತಾವವನ್ನು ಒಪ್ಪಿ, ಜಾತಿ ತಾರತಮ್ಯವನ್ನು ನಿಷೇಧಿಸಿದ ಅಮೆರಿಕದ ಮೊದಲ ನಗರವಾಯಿತು ಸಿಯಾಟಲ್. ಆ ಕಾನೂನನ್ನು ನಾನು ಸ್ವಾಗತಿಸಿದೆ, ಈಗಲೂ ಸ್ವಾಗತಿಸುತ್ತೇನೆ. ಆದರೆ ಬಚ್ಚಲಿನ ಗೂಡಿನ ಲೋಟವನ್ನು ಯಾವ ನಗರಸಭೆಯೂ ಕಾನೂನಿನಿಂದ ತೆಗೆದಿಡಲಾರದು. ಅದನ್ನು ನಾವೇ ಎತ್ತಿ ತೋರಿಸಬೇಕು.

ಹಳೆಯ ಕಾರನ್ನು ಹಾಡಿ ಹೊಗಳುವುದು ನನ್ನ ಉದ್ದೇಶವಲ್ಲ. ಬೀಟಲ್‌ನ ಹುಟ್ಟು ನಾಜಿ ಆಳ್ವಿಕೆಯಲ್ಲಿ; ಯುದ್ಧಕಾಲದಲ್ಲಿ ಅದರ ಕಾರ್ಖಾನೆ ನಡೆದದ್ದು ಬಲವಂತದ ಕಾರ್ಮಿಕರ ಬೆವರಿನಿಂದ. ಅದೇ ಕಾರು 1972ರ ಫೆಬ್ರುವರಿಯಲ್ಲಿ ಒಂದೂವರೆ ಕೋಟಿಯನ್ನು ದಾಟಿ ಫೋರ್ಡ್ ಮಾಡೆಲ್ ಟಿಯ ದಾಖಲೆ ಮುರಿಯಿತು. ಅದನ್ನು ಜನರ ಕೈಗೆ ನಿಜವಾಗಿ ಒಪ್ಪಿಸಿದ್ದು ಜಾನ್ ಮ್ಯೂರ್ ಎಂಬ ಅಮೆರಿಕದ ಇಂಜಿನಿಯರು 1969ರಲ್ಲಿ ಪ್ರಕಟಿಸಿದ ಕೈಪಿಡಿ. ಯಂತ್ರದ ಗಂಧವೇ ಇಲ್ಲದ ಓದುಗರಿಗಾಗಿ ಬರೆದ ಆ ಪುಸ್ತಕದ ಹಿಂದಿನ ನಂಬಿಕೆ ಸರಳವಾದದ್ದು: ವಸ್ತುವನ್ನು ಬಿಚ್ಚಿ ತಿಳಿಯಬಲ್ಲವನು ಅದರ ತಯಾರಕನಿಗೆ ಅಡಿಯಾಳಾಗುವುದಿಲ್ಲ. ಇನ್ನು ಹೊಗೆಯ ವಿಷಯ: ನನ್ನ ಕಾರಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲ. ಒಂದು ಮೈಲಿಗೆ ಅದು ಉಗುಳುವ ವಿಷ ಹೊಸ ಕಾರಿಗಿಂತ ಎಷ್ಟೋ ಪಾಲು ಹೆಚ್ಚು. ಹಾಗಾಗಿಯೇ ಅದನ್ನು ಅಪರೂಪಕ್ಕೆ ಮಾತ್ರ ಓಡಿಸುತ್ತೇನೆ.

ಹಾಗೆ ಅಪರೂಪಕ್ಕೆ ಓಡಿಸುವ ಸೌಕರ್ಯ ನನಗಿದೆ ಎನ್ನುವುದೇ ಇಲ್ಲಿ ಮುಖ್ಯ. ವಾಷಿಂಗ್ಟನ್ ರಾಜ್ಯದಲ್ಲಿ 30 ವರ್ಷ ದಾಟಿದ ವಾಹನಕ್ಕೆ 'ಸಂಗ್ರಾಹಕ'ರ ಫಲಕ ಸಿಗುತ್ತದೆ. ವಾರ್ಷಿಕ ನವೀಕರಣವೂ ಬೇಡ. ಭಾರತದಲ್ಲಿ 2021ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪದಲ್ಲಿ ಕಾಪಾಡಿದ ವಾಹನಕ್ಕೆ 'ವಿಂಟೇಜ್' ಗೌರವವುಂಟು. ದಿನಬಳಕೆಗೆ ಓಡಿಸಬಾರದೆಂಬ ಷರತ್ತೂ ಉಂಟು. ಆದರೆ ಹದಿನೆಂಟು ವರ್ಷದ ಹಳೆಯ ವ್ಯಾನಿನಲ್ಲಿ ತರಕಾರಿ ಹೊರುವವನಿಗೆ ಯಾವ ಗೌರವವೂ ಇಲ್ಲ. 15 ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 600 ರೂಪಾಯಿಗಳಿಂದ 5,000ಕ್ಕೆ ಏರಿಸಲಾಯಿತು. ಉಳ್ಳವನ ಹಳೆಯ ಕಾರು ಪರಂಪರೆ; ಇಲ್ಲದವನ ಹಳೆಯ ಗಾಡಿ ಗುಜರಿ. ಗಾಳಿ ಶುದ್ಧವಾಗಲೇಬೇಕು, ಆದರೆ ಅದರ ಬೆಲೆಯನ್ನು ತರಕಾರಿ ವ್ಯಾನಿನವನೂ ಅವನ ಮೆಕ್ಯಾನಿಕ್ಕೂ ಮಾತ್ರ ತೆರಬೇಕೆ?

ಮೆಕ್ಯಾನಿಕ್ಕಿಗೆ ಇನ್ನೊಂದು ಅಪಾಯವೂ ಕಾದಿದೆ. ಹೊಸ ಕಾರುಗಳು ಗಾಲಿಯ ಮೇಲಿನ ಕಂಪ್ಯೂಟರುಗಳು. ಕೀಲಿಕೈ ಕಂಪನಿಯ ಬಳಿ. ಮ್ಯಾಸಚೂಸೆಟ್ಸ್‌ನ ಮತದಾರರು 2012ರಲ್ಲಿ, ಮತ್ತೆ 2020ರಲ್ಲಿ ದುರಸ್ತಿಯ ಮಾಹಿತಿ ಸ್ವತಂತ್ರ ಗ್ಯಾರೇಜುಗಳಿಗೂ ಸಿಗಬೇಕೆಂದು ಭಾರೀ ಬಹುಮತದಿಂದ ತೀರ್ಮಾನಿಸಿದರು. ಎರಡನೆಯ ಬಾರಿ ಕಾರು ಕಂಪನಿಗಳು ನ್ಯಾಯಾಲಯಕ್ಕೆ ಹೋದವು. ನಮ್ಮ ರಾಜ್ಯ 2025ರಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳಿಗೆ ದುರಸ್ತಿಯ ಹಕ್ಕನ್ನು ಕೊಟ್ಟಿತು. ಕಾರುಗಳು ಅದರ ವ್ಯಾಪ್ತಿಗೆ ಬರಲಿಲ್ಲ. ಭಾರತ ಸರ್ಕಾರ 2022ರಲ್ಲಿ ಇದೇ ಹಕ್ಕಿನ ಹೆಸರಿನಲ್ಲಿ ಒಂದು ಜಾಲತಾಣವನ್ನು ತೆರೆಯಿತು, ಜಾಲತಾಣ ಕಾಯಿದೆಯಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆದರೂ ಜಾವಾ, ಯೆಜ್ಡಿ ಬೈಕುಗಳು ಇಂದಿಗೂ ಕರ್ನಾಟಕದ ರಸ್ತೆಗಳಲ್ಲಿ ಗುಡುಗುತ್ತಿವೆ. ಕಂಪನಿ ಮುಗಿದ ಮೇಲೂ ಅವನ್ನು ಬದುಕಿಸಿದವರು ಬೀದಿಬದಿಯ ಉಸ್ತಾದರು ಮತ್ತು ಮೇಸ್ತ್ರಿಗಳು. ಬೀಗ ಹಾಕಿದ ಸಾಫ್ಟ್‌ವೇರಿನ ಕಾರಿಗೆ ಅಂಥ ಎರಡನೆಯ ಬದುಕಿಲ್ಲ. ಆ ಬೀಗಗಳನ್ನು ಬರೆಯುವವರಲ್ಲಿ ನಮ್ಮವರೂ ಇದ್ದಾರೆ ಎಂಬುದನ್ನು ಮರೆಯದಿರೋಣ.

ಆದ್ದರಿಂದ ಗ್ಯಾರೇಜಿನಲ್ಲಿ ಸಂತೋಷ ಕಾಣುವ ನನ್ನಂಥವರ ಮೇಲೆ ಕೆಲವು ಋಣಗಳಿವೆ. ಆ ಬೆದರಿಕೆಯ ವಾಕ್ಯ ನಮ್ಮ ತಲೆಮಾರಿಗೆ ಕೊನೆಯಾಗಬೇಕು. ದುರಸ್ತಿಯ ಹಕ್ಕು ಹವ್ಯಾಸಿಗಳ ಸೌಲಭ್ಯವಲ್ಲ, ದುಡಿಯುವವರ ಅನ್ನ ಎಂದು ಎರಡೂ ದೇಶಗಳಲ್ಲಿ ವಾದಿಸಬೇಕು. ಊರಿಗೆ ಹೋದಾಗ ದೇವಸ್ಥಾನ, ಮಾಲುಗಳ ಜೊತೆಗೆ ಒಂದು ಮಧ್ಯಾಹ್ನವನ್ನು ಗ್ಯಾರೇಜಿನ ಬೆಂಚಿನ ಮೇಲೆ ಕಳೆದು, ಅಲ್ಲಿನವರು ಅನುಮತಿಸಿದರೆ ಅವರ ಅರಿವನ್ನು ಅವರ ಹೆಸರಿನಲ್ಲೇ ಕನ್ನಡದಲ್ಲಿ ದಾಖಲಿಸಬೇಕು.

ಕಳೆದ ಶನಿವಾರ ಮಗಳು ಬಂದು ಪಕ್ಕದಲ್ಲಿ ಕೂತಳು. ಪ್ಲಗ್ಗಿನ ಬಣ್ಣ ತೋರಿಸಿ ಅದರ ಅರ್ಥ ಹೇಳಿದೆ. "ಇದನ್ನೆಲ್ಲ ಯಾರು ಕಲಿಸಿದ್ರು ಅಪ್ಪ? ಯೂಟ್ಯೂಬಾ?" ಎಂದಳು. ಉಸ್ತಾದರ ಕಥೆ ಹೇಳಿದೆ. ಹ್ಯಾಕ್ಸಾ ಬ್ಲೇಡಿನ ಮಾತಿಗೆ ಅವಳು ನಕ್ಕಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಲೋಟದ ವಿಷಯವನ್ನೂ ಹೇಳಿದೆ. ಅವಳು ಬಹಳ ಹೊತ್ತಿನ ನಂತರ ಕೇಳಿದ್ದು ಒಂದೇ ಪ್ರಶ್ನೆ: "ಆ ಹುಡುಗನ ಹೆಸರೇನು?"

ನನಗೆ ಗೊತ್ತಿರಲಿಲ್ಲ.