ಹುಡುಗನ್ನ ಈಗಲೇ ಇಳಿಸಬೇಡಿ
ಎನ್‌ಎಫ್‌ಎಲ್‌ನಲ್ಲಿ ತಂಡ ನಾಲ್ಕು ಮ್ಯಾಚ್ ಸೋತರೆ ಸಾಕು, ‘ಹೊಸ ಕ್ವಾರ್ಟರ್‌ಬ್ಯಾಕನ್ನ ಇಳಿಸಿ, ಆಡ್ತಾ ಕಲೀಲಿ’ ಅಂತ ಕೂಗು ಶುರು. ಪೇಟನ್ ಮ್ಯಾನಿಂಗ್ ಉದಾಹರಣೆ ಬೇರೆ: 1998ರಲ್ಲಿ 28 ಇಂಟರ್‌ಸೆಪ್ಷನ್, 13 ಸೋಲು, ಮರುವರ್ಷ 13 ಗೆಲುವು. ಸರಿ, ಒಪ್ಪಿದೆ. ಆದರೆ ಆ ಸೋಲಿನ ವರ್ಷದಲ್ಲೂ ಚೆಂಡು ಎಸೆಯುವ ಮೊದಲೇ ಎದುರಾಳಿಗಳು ಅವನನ್ನು ಕೆಡವಿದ್ದು ಬರೀ 22 ಸಲ. 2002ರಲ್ಲಿ ಹ್ಯೂಸ್ಟನ್ ಟೆಕ್ಸನ್ಸ್ ಮೊದಲ ಮ್ಯಾಚಿಂದಲೇ ಇಳಿಸಿದ ಡೇವಿಡ್ ಕಾರ್ ಬಿದ್ದದ್ದು 76 ಸಲ! ಅದು ಇವತ್ತಿಗೂ ದಾಖಲೆ. ಅದರಲ್ಲಿ ಕಲಿಯೋಕೆ ಏನಿತ್ತು, ಬೀಳೋದು ಬಿಟ್ಟು?

ಅದಕ್ಕೇ ನಾನು ಸ್ಕೋರ್‌ಬೋರ್ಡ್ ನೋಡಲ್ಲ, ಹುಡುಗನ ಮುಂದೆ ನಿಲ್ಲೋ ಲೈನ್ ನೋಡ್ತೀನಿ. ಅದೇ ತೂತಾಗಿದ್ದರೆ ಅವನು ಕೋಚ್ ಕುರ್ಚಿಗೆ ಹರಕೆಯ ಕುರಿ, ಅಷ್ಟೆ. ಲೈನ್ ಸರಿಹೋಗೋವರೆಗೂ ಹಳಬನೇ ಬೀಳ್ತಿರಲಿ. ಅವನಿಗೆ ಸಂಬಳ ಕೊಡೋದು ಮತ್ಯಾಕೆ?