ಒಂದು ದಿನದ ಉಪವಾಸವೂ ನಾಲ್ಕು ತಿಂಗಳ ನಿಯಮವೂ

ಪರ್ಯೂಷಣ ಪರ್ವದಲ್ಲಿ ಆಹಾರವನ್ನು ತ್ಯಜಿಸುವವರ ಜೊತೆಗೆ ಮೊಬೈಲನ್ನು ತ್ಯಜಿಸುವವರೂ ಈಚಿನ ವರ್ಷಗಳಲ್ಲಿ ಕಾಣಿಸಿಕೊಂಡಿದ್ದಾರೆ. 2022ರಲ್ಲಿ ಮಧ್ಯಪ್ರದೇಶದ ರಾಯಸೇನ ಜಿಲ್ಲೆಯ ಬೇಗಂಗಂಜ್ ಪಟ್ಟಣದ ಜೈನರು ಮೊಬೈಲು, ಅಂತರ್ಜಾಲಗಳಿಂದ 24 ಗಂಟೆಗಳ ಕಾಲ ದೂರವಿದ್ದು, ಅದನ್ನು ‘ಡಿಜಿಟಲ್ ಉಪವಾಸ’ವೆಂದು ಕರೆದರು. ಅವರ ಉದ್ದೇಶವನ್ನು ಯಾರೂ ಹಳಿಯಲಾರರು. ಆದರೆ ಮರುದಿನ ಪಾರಣೆಯ ಹಾಲಿನ ಲೋಟ ಕೈಯಲ್ಲಿರುವಾಗಲೇ, ಬಾಕಿಯುಳಿದ ಸಂದೇಶಗಳನ್ನೆಲ್ಲ ಒಂದೂ ಬಿಡದೆ ಓದಿ ಮುಗಿಸುವ ಶ್ರಾವಕನು ತ್ಯಜಿಸಿದ್ದಾದರೂ ಏನನ್ನು? ಸಾಲವನ್ನು ತೀರಿಸದೆ ವಾಯಿದೆಯನ್ನು ಒಂದು ದಿನ ಮುಂದೂಡಿದವನನ್ನು ಋಣಮುಕ್ತನೆಂದು ಯಾವ ವ್ಯಾಪಾರಿಯೂ ಒಪ್ಪುವುದಿಲ್ಲ.

ವ್ಯಾಪಾರದ ಮಾತು ಬಂದುದರಿಂದ ಲೆಕ್ಕವನ್ನೇ ನೋಡಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಈ ಮೂರರ ಒಡೆತನವುಳ್ಳ ಮೆಟಾ ಕಂಪನಿಯ 2023ರ ವರಮಾನವು 13,400 ಕೋಟಿ ಡಾಲರಿಗೂ ಮಿಗಿಲು. ಅದರಲ್ಲಿ ನೂರಕ್ಕೆ 97ಕ್ಕೂ ಹೆಚ್ಚಿನ ಪಾಲು ಜಾಹೀರಾತಿನಿಂದ ಬಂದುದು. ಬಂದ ಗಿರಾಕಿಯಿಂದ ಬಿಡಿಗಾಸನ್ನೂ ಕೇಳದ ಅಂಗಡಿಯು ಇಷ್ಟು ಗಳಿಸುತ್ತದೆಂದರೆ, ಅಲ್ಲಿ ತೂಗಿ ಮಾರುತ್ತಿರುವ ಸರಕು ಗಿರಾಕಿಯ ಹೊತ್ತೇ ಆಗಿದೆ. ಎಷ್ಟು ಸರಿಸಿದರೂ ಪುಟವು ಮುಗಿಯದಂತೆ ಏರ್ಪಾಡು ಮಾಡಿರುವುದು ಆ ಹೊತ್ತು ಹಿಗ್ಗಲೆಂದು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು, ಎಂದರೆ ಪ್ರಯೋಜನವಿಲ್ಲದೆ ಕಟ್ಟಿಕೊಳ್ಳುವ ಪಾಪವನ್ನು, ಐದು ಬಗೆಯಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ಮೂರನ್ನು ಈ ಕಾಲದಲ್ಲಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಮನಸ್ಸನ್ನು ಕೆಡಿಸುವುದನ್ನು ಕೇಳುವ ದುಃಶ್ರುತಿ, ಪರರ ಕೇಡನ್ನು ಚಿಂತಿಸುವ ಅಪಧ್ಯಾನ, ಗುರಿಯಿಲ್ಲದೆ ನಡೆಸುವ ಪ್ರಮಾದಚರ್ಯೆ ಇವು ಮೂರೂ ಹಾಸಿಗೆಯವರೆಗೆ ತಾವಾಗಿಯೇ ಬರುತ್ತವೆ. ಅಭಿಷೇಕದ ವೇಳೆಯನ್ನು ತಿಳಿಸಲೆಂದು ಹುಟ್ಟಿದ ಬಸದಿಯ ವಾಟ್ಸಾಪ್ ಗುಂಪಿನಲ್ಲಿ ನಡುರಾತ್ರಿಯಲ್ಲಿ ಕಾಣಿಕೆಹಣದ ಲೆಕ್ಕ ಕೇಳುವವರಿದ್ದಾರೆ. ಅದಕ್ಕೆ ಬೆಳಗಾಗುವುದರೊಳಗೆ ಕುಲಗೋತ್ರಗಳನ್ನೆತ್ತಿ ಉತ್ತರ ಕೊಡುವವರೂ ಇದ್ದಾರೆ. ಎದುರಿಗೆ ಕುಳಿತಾಗ ನಾಲಗೆಯ ಮೇಲೆ ಬಾರದ ಮಾತು ಬೆರಳ ತುದಿಯಿಂದ ಸುಲಭವಾಗಿ ಹೊರಡುತ್ತದೆ. ಪರ್ವವು ಮುಗಿದೊಡನೆ ಅದೇ ಬೆರಳು ಒಂದೇ ಕ್ಷಮಾವಣಿಯ ಚಿತ್ರವನ್ನು ನಾನೂರು ಮಂದಿಗೆ ಒಟ್ಟಿಗೆ ಕಳುಹಿಸಿ ಕೈತೊಳೆದುಕೊಳ್ಳುತ್ತದೆ. ವೈರವಿಲ್ಲದ ಮುನ್ನೂರ ತೊಂಬತ್ತೊಂಬತ್ತು ಜನರಿಗೆ ಅದು ಬೇಕಾಗಿರಲಿಲ್ಲ. ವೈರವಿರುವ ಒಬ್ಬನ ಮನೆಯ ಮೆಟ್ಟಿಲನ್ನು ಹತ್ತುವುದು ಮಾತ್ರ ತಪ್ಪಿಹೋಯಿತು.

ಇದಕ್ಕೆ ಒಂದು ದಿನದ ಮದ್ದು ಸಾಲದು. ಭೋಗೋಪಭೋಗಗಳ ತ್ಯಾಗದಲ್ಲಿ ಜೀವನಪರ್ಯಂತದ್ದು ಯಮ, ಗೊತ್ತಾದ ಕಾಲದವರೆಗಿನದು ನಿಯಮ. ನಿಯಮಕ್ಕೆ ಒಂದು ಹಗಲು, ಒಂದು ರಾತ್ರಿಗಳನ್ನು ಹೇಳಿದ ಆಚಾರ್ಯರು ಅಲ್ಲಿಗೇ ನಿಲ್ಲದೆ ಪಕ್ಷ, ಮಾಸ, ಋತು, ಅಯನಗಳನ್ನೂ ಹೇಳಿದ್ದಾರೆ. ಸಂಚಾರದ ಎಲ್ಲೆಯನ್ನು ಕಿರಿದುಗೊಳಿಸುವ ದೇಶಾವಕಾಶಿಕ ವ್ರತದ ಅವಧಿಗಳಲ್ಲಿ ಚಾತುರ್ಮಾಸವೂ ಒಂದು. ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುವ ಆ ನಾಲ್ಕು ತಿಂಗಳಲ್ಲಿ ಶ್ರಾವಕನು ಈ ಮೂರು ಬೀದಿಗಳ ಅಲೆದಾಟವನ್ನು ನಿಲ್ಲಿಸುವುದು ಅಸಾಧ್ಯವೇ?

ದೇಶಾವಕಾಶಿಕದ ಅತಿಚಾರಗಳಂತೂ ಇಂದಿನವರಿಗಾಗಿಯೇ ಬರೆದಂತಿವೆ. ಕಾಲನ್ನು ಎಲ್ಲೆಯೊಳಗೇ ಇಟ್ಟುಕೊಂಡು ದನಿಯನ್ನು ಹೊರಕ್ಕೆ ಕಳುಹಿಸುವುದು ಶಬ್ದಾನುಪಾತ. ರೂಪವನ್ನು ಹೊರಗಿನವರಿಗೆ ತೋರಿಸುವುದು ರೂಪಾನುಪಾತ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಇವೆರಡೂ ದೋಷಗಳ ಪಟ್ಟಿಯಲ್ಲಿವೆ. ಬಸದಿಯಲ್ಲಿ ವ್ರತಸ್ಥನಾಗಿ ಕುಳಿತು ತನ್ನ ಭಾವಚಿತ್ರವನ್ನು ಊರಿಗೆಲ್ಲ ಕಳುಹಿಸುವವನು ಯಾವ ಪಟ್ಟಿಗೆ ಸೇರುವನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಇಂದಿನಿಂದ ಸಾಮಾಜಿಕ ಜಾಲತಾಣಗಳಿಗೆ ವಿದಾಯ’ವೆಂದು ಜಾಲತಾಣದಲ್ಲಿಯೇ ಸಾರಿ, ಎಷ್ಟು ಜನ ಮೆಚ್ಚಿದರೆಂದು ಸಂಜೆ ಇಣುಕುವವನೂ ಅವನ ಪಕ್ಕದಲ್ಲಿಯೇ ಇದ್ದಾನೆ.

ವ್ಯಾಪಾರವೇ ಇದರ ಮೇಲೆ ನಡೆಯುತ್ತಿದೆಯೆಂಬ ಆಕ್ಷೇಪವುಂಟು. ಅದು ಅರ್ಧ ಸತ್ಯ. ಆರ್ಡರು, ಬೆಲೆಪಟ್ಟಿ, ಬ್ಯಾಂಕು, ದೂರದ ಮಕ್ಕಳ ಕರೆ ಇವುಗಳನ್ನು ಎಲ್ಲೆಯೊಳಗೆ ಇಟ್ಟುಕೊಂಡೇ ನಿಯಮವನ್ನು ಹಿಡಿಯಬಹುದು. ಪರಿಮಾಣ ವ್ರತವೆಂದರೆ ಅದೇ. ಬೆಲೆಪಟ್ಟಿ ಕಳುಹಿಸಲು ತೆರೆದ ಮೊಬೈಲಿನಲ್ಲಿ ಪರರ ಮನೆಯ ಮದುವೆ, ಪರರ ಜಗಳ, ಪರರ ಪ್ರವಾಸಗಳನ್ನು ನೋಡುತ್ತ ಕುಳಿತ ಮುಕ್ಕಾಲು ಗಂಟೆಯನ್ನು ಯಾವ ಖಾತೆಗೆ ಬರೆಯಬೇಕು?

ದೀರ್ಘ ವಿರಾಮದಿಂದ ಆಗುವುದೇನೆಂಬುದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರಜ್ಞರು 2018ರಲ್ಲಿ ಪರೀಕ್ಷಿಸಿ, 2020ರಲ್ಲಿ ಪ್ರಕಟಿಸಿದರು. ಹಣ ಪಡೆದು ನಾಲ್ಕು ವಾರ ಫೇಸ್‌ಬುಕ್ ಖಾತೆಯನ್ನು ಮುಚ್ಚಿದವರಿಗೆ ದಿನಕ್ಕೆ ಸುಮಾರು 60 ನಿಮಿಷ ಉಳಿಯಿತು. ಮನೆಯವರು, ಸ್ನೇಹಿತರೊಡನೆ ಕಳೆಯುವ ಹೊತ್ತು ಹೆಚ್ಚಿತು, ರಾಜಕೀಯ ಕಟುತ್ವ ತಗ್ಗಿತು, ಮನಸ್ಸಿನ ನೆಮ್ಮದಿ ಅಲ್ಪವಾದರೂ ಏರಿತು. ಸುದ್ದಿಯ ತಿಳಿವಳಿಕೆ ಕುಂದಿತೆಂಬುದನ್ನೂ ಮರೆಮಾಚಬಾರದು. ಆ ಕೊರತೆಯನ್ನು ಬೆಳಗಿನ ವೃತ್ತಪತ್ರಿಕೆ ತುಂಬಬಲ್ಲದು. ಹೆಚ್ಚು ಗಮನಿಸತಕ್ಕದ್ದು ಮುಂದಿನ ಮಾತು: ಅವಧಿ ಮುಗಿದು ಖಾತೆ ತೆರೆದ ಮೇಲೂ ಅವರ ಬಳಕೆ ಹಿಂದಿನ ಮಟ್ಟಕ್ಕೆ ಏರಲಿಲ್ಲ. ಇನ್ನೂ ನಾಲ್ಕು ವಾರ ಬಿಡಲು ಎಷ್ಟು ಹಣ ಬೇಕೆಂದು ಕೇಳಿದಾಗ ಅವರು ಹೇಳಿದ ಬೆಲೆಯೂ ಇಳಿದಿತ್ತು.

ಮನೆಯವರಿಗಿಂತ ಮೊದಲು ಈ ನಿಯಮವನ್ನು ಹಿಡಿಯಬೇಕಾದವರು ಬಸದಿಗಳ ಟ್ರಸ್ಟಿನವರು. ಎಲ್ಲ ಪ್ರಕಟಣೆಗಳೂ ಗುಂಪಿನಲ್ಲಿ ಮಾತ್ರ ಬರುವವರೆಗೆ, ಬಿಡಬೇಕೆಂದವನಿಗೂ ಬಿಡುವ ದಾರಿಯಿರುವುದಿಲ್ಲ. ಆಷಾಢದಿಂದ ಕಾರ್ತಿಕದವರೆಗೆ ಗುಂಪಿಗೆ ಬೀಗ ಹಾಕಿ, ಪೂಜೆ ಪ್ರವಚನಗಳ ವೇಳೆಯನ್ನು ಬಸದಿಯ ಬಾಗಿಲಿನ ಫಲಕದ ಮೇಲೆ ಬರೆಯಿಸಲಿ. ಲೆಕ್ಕಪತ್ರ ಅಚ್ಚಾಗಿ ಸದಸ್ಯರ ಮನೆಗೆ ಅಂಚೆಯಲ್ಲಿ ಹೋಗಲಿ, ಸಂದೇಹವುಳ್ಳವರು ಹಗಲು ಹೊತ್ತಿನಲ್ಲಿ ಬಂದು ಪುಸ್ತಕ ನೋಡಲಿ. ಫಲಕದವರೆಗೆ ನಡೆದು ಬರಲಾಗದ ವೃದ್ಧರ ಮನೆಗೆ ಪಾಠಶಾಲೆಯ ಹುಡುಗನೊಬ್ಬ ಹೋಗಿ ಹೇಳಿ ಬರಲಿ. ಹೋದವನು ಅಲ್ಲಿ ಹತ್ತು ನಿಮಿಷ ಕುಳಿತು ಬಂದರೂ ಸರಿಯೇ.