ಬೆಳ್ಳಿ ರೇಕು ಮತ್ತು ಹಸಿರು ಚುಕ್ಕೆ

ಕಾಜು ಕತ್ಲಿ, ಬರ್ಫಿ, ಪೇಡೆಗಳ ಮೇಲೆ ಹೊದಿಸುವ ಬೆಳ್ಳಿಯ ರೇಕು, ಅಂದರೆ ಉತ್ತರ ಭಾರತದ ಮಿಠಾಯಿ ಪರಂಪರೆಯಲ್ಲಿ ವರಖ್ ಎಂದು ಹೆಸರಾದ ಅತಿ ತೆಳುವಾದ ಲೋಹದ ಹಾಳೆ, ತಿನಿಸಿಗೆ ರುಚಿಯನ್ನಾಗಲಿ ಪರಿಮಳವನ್ನಾಗಲಿ ಸತ್ವವನ್ನಾಗಲಿ ಕೊಡುವುದಿಲ್ಲ. ಅದು ಕಣ್ಣಿಗಾಗಿ ಮಾಡಿದ ಅಲಂಕಾರ. ಅಷ್ಟೇ ಕಾರಣಕ್ಕೆ ಅದನ್ನು ದೂರುವ ಅಗತ್ಯವೂ ಇಲ್ಲ. ಆದರೆ ಆ ರೇಕು ಹೇಗೆ ತಯಾರಾಯಿತೆಂಬ ಸಂಗತಿಯನ್ನು ಮುಚ್ಚಿಟ್ಟು, ಪೆಟ್ಟಿಗೆಯ ಮೇಲೆ ಸಸ್ಯಾಹಾರದ ಹಸಿರು ಚುಕ್ಕೆಯನ್ನು ಮುದ್ರಿಸಿ ಮಾರುವುದು ಕೊಳ್ಳುವವರ ನಂಬಿಕೆಗೆ ಬಗೆಯುವ ದ್ರೋಹ.

ಸಾಂಪ್ರದಾಯಿಕ ವಿಧಾನದಲ್ಲಿ ಬೆಳ್ಳಿಯನ್ನು ಮೊದಲು ತೆಳು ಪಟ್ಟಿಯಾಗಿಸಿ, ಚಿಕ್ಕ ಚಿಕ್ಕ ತುಂಡು ಮಾಡಿ, ಒಂದೊಂದು ತುಂಡನ್ನೂ ಪುಸ್ತಕದಂತೆ ಹೊಲಿದ ಪೊರೆಗಳ ನಡುವೆ ಇಡಲಾಗುತ್ತದೆ. ಕುಶಲಕರ್ಮಿಗಳು ಔಜಾರ್ ಎನ್ನುವ ಈ ಕಟ್ಟಿನ ಹಾಳೆಗಳು ಹತ್ಯೆಯಾದ ದನ, ಎಮ್ಮೆಗಳ ಕರುಳಿನಿಂದ ಬಿಡಿಸಿದ ಪೊರೆಗಳು. ಅದನ್ನು ಹೊದಿಸುವ ಹೊರಚೀಲ ಚರ್ಮದ್ದು. ಆ ಕಟ್ಟಿನ ಮೇಲೆ ಗಂಟೆಗಟ್ಟಲೆ ಸುತ್ತಿಗೆಯ ಪೆಟ್ಟು ಬಿದ್ದಾಗ ಬೆಳ್ಳಿ ಹಿಗ್ಗಿ, ಉಸಿರು ತಾಕಿದರೆ ಹಾರುವಷ್ಟು ಹಗುರಾಗುತ್ತದೆ. ಕರುಳಿನ ಪೊರೆಯನ್ನೇ ಆರಿಸಿಕೊಂಡದ್ದರ ಹಿಂದೆ ತಾಂತ್ರಿಕ ಕಾರಣವಿದೆ: ಅದು ಏಟಿಗೆ ಹರಿಯದಷ್ಟು ಗಟ್ಟಿ, ಲೋಹ ಅಂಟಿಕೊಳ್ಳದಷ್ಟು ನುಣುಪು. ಯುರೋಪಿನ ಚಿನ್ನದ ರೇಕು ತಯಾರಕರೂ ಶತಮಾನಗಳ ಕಾಲ ಎತ್ತಿನ ಕರುಳಿನ ಪೊರೆಯನ್ನು ಬಳಸಿದ್ದು ಇದಕ್ಕಾಗಿಯೇ. ವಿಶೇಷ ಕಾಗದದ ಹಾಳೆಗಳ ನಡುವೆ ಯಂತ್ರದಿಂದ ಬಡಿದು ತಯಾರಿಸುವ ರೇಕು ಇಂದು ಮಾರುಕಟ್ಟೆಯಲ್ಲಿದೆಯಾದರೂ, ಮಿಠಾಯಿಯ ಮೇಲೆ ಹೊಳೆಯುತ್ತಿರುವುದು ಯಾವುದೆಂದು ನೋಡಿ ಹೇಳುವುದು ಯಾರಿಗೂ ಸಾಧ್ಯವಿಲ್ಲ.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2016ರಲ್ಲಿ ಬೆಳ್ಳಿ ರೇಕಿನ ಮಾನದಂಡವನ್ನು ತಿದ್ದಿ, ಬೆಳ್ಳಿಯ ಶುದ್ಧತೆ ಸಾವಿರಕ್ಕೆ 999 ಭಾಗವಿರಬೇಕು, ಒಂದು ಚದರ ಮೀಟರ್ ರೇಕಿನ ತೂಕ 2.8 ಗ್ರಾಂ ಮೀರಬಾರದು, ತಯಾರಿಕೆಯ ಯಾವ ಹಂತದಲ್ಲಿಯೂ ಪ್ರಾಣಿಜನ್ಯ ವಸ್ತು ಬಳಸಬಾರದು ಎಂದು ವಿಧಿಸಿತು. ಈ ಕೊನೆಯ ನಿಬಂಧನೆಯನ್ನು ತಯಾರಕರು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದರು, ಮತ್ತು ಚರ್ಚೆ ಅಲ್ಲಿಂದ ನಿಷೇಧದ ಪರ, ವಿರೋಧಗಳ ಸುತ್ತಲೇ ಗಿರಕಿ ಹೊಡೆಯಿತು. ನಿಷೇಧ ಉಳಿಯಲಿ ಬಿಡಲಿ, ತಿಳಿಸುವ ಹೊಣೆ ತಪ್ಪುವುದಿಲ್ಲ ಎಂಬ ಸರಳ ಸತ್ಯ ಈ ಗದ್ದಲದಲ್ಲಿ ಮರೆಯಾಯಿತು. ಅದೇ ಹೈಕೋರ್ಟು 2021ರ ಡಿಸೆಂಬರಿನಲ್ಲಿ ಬೇರೊಂದು ಪ್ರಕರಣದಲ್ಲಿ, ಆಹಾರದ ಪ್ರತಿಯೊಂದು ಘಟಕವೂ ಸಸ್ಯಮೂಲದ್ದೋ ಪ್ರಾಣಿಮೂಲದ್ದೋ ಎಂಬುದನ್ನು, ಅದರ ಪ್ರಮಾಣ ಎಷ್ಟೇ ಅಲ್ಪವಾಗಿದ್ದರೂ, ತಯಾರಕರು ಬಹಿರಂಗಪಡಿಸಬೇಕೆಂದು ಆದೇಶಿಸಿತು. ಬೆಳ್ಳಿ ಖನಿಜವಾದ್ದರಿಂದ ಈ ಮಾತು ತಮಗೆ ಅನ್ವಯಿಸದೆಂದು ವ್ಯಾಪಾರಿಗಳು ವಾದಿಸಬಹುದು. ಅಕ್ಷರಶಃ ಅದು ಸರಿಯಿರಬಹುದು. ಆದರೆ ಶ್ರವಣಬೆಳಗೊಳದ ಯಾತ್ರೆ ಮುಗಿಸಿ ಮಿಠಾಯಿ ಕೊಳ್ಳುವ ಜೈನ ಕುಟುಂಬವು ಹಸಿರು ಚುಕ್ಕೆಯಲ್ಲಿ ಓದುವುದು ಖನಿಜಶಾಸ್ತ್ರವನ್ನಲ್ಲ, ಹಿಂಸೆಯ ನಂಟಿಲ್ಲವೆಂಬ ಭರವಸೆಯನ್ನು.

ಈ ವಿವಾದವನ್ನು ಕೆಲವರು ರೇಕು ಬಡಿಯುವವರ ಮೇಲಿನ ದ್ವೇಷಕ್ಕೆ ಬಳಸಿಕೊಳ್ಳುತ್ತಿರುವುದನ್ನು ಇಲ್ಲಿ ಸ್ಪಷ್ಟವಾಗಿ ಖಂಡಿಸಬೇಕು. ಜೈಪುರದ ಪನ್ನಿಗರಾನ್ ಮೊಹಲ್ಲಾದಲ್ಲಿ, ಹೈದರಾಬಾದಿನ ಚಾರ್‌ಮಿನಾರ್ ಆಸುಪಾಸಿನಲ್ಲಿ ತಲೆಮಾರುಗಳಿಂದ ಈ ಕಸುಬು ಮಾಡಿಕೊಂಡು ಬಂದವರು ಬಹುಪಾಲು ಬಡ ಮುಸ್ಲಿಮರು. ದಿನವಿಡೀ ಸುತ್ತಿಗೆ ಎತ್ತಿ ತೋಳು ಸವೆಸಿಕೊಳ್ಳುವ ಅವರು ತಮ್ಮ ಉಪಕರಣವನ್ನು ಎಂದೂ ಬಚ್ಚಿಟ್ಟಿಲ್ಲ. ಬಚ್ಚಿಟ್ಟದ್ದು ಹಸಿರು ಚುಕ್ಕೆ ಅಚ್ಚು ಹಾಕಿಸುವ ದೊಡ್ಡ ಮಿಠಾಯಿ ವ್ಯಾಪಾರ. ಉತ್ತರ ಕೊಡಬೇಕಾದದ್ದು ಅದು, ಮತ್ತು ಅದನ್ನು ಕೇಳಬೇಕಾದ ಆಹಾರ ಸುರಕ್ಷತಾ ಇಲಾಖೆ.

ಮರೆಮಾಚುವಿಕೆ ಇಲ್ಲಿಗೇ ನಿಲ್ಲುವುದಿಲ್ಲ. ಬೆಳ್ಳಿಯ ಬದಲು ಅಲ್ಯೂಮಿನಿಯಂ ರೇಕು ಹೊದಿಸುವ ಕಲಬೆರಕೆ ಎಷ್ಟು ಸಾಮಾನ್ಯವೆಂದರೆ, ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯನ್ನು ಪ್ರಾಧಿಕಾರವೇ ಪ್ರಕಟಿಸಬೇಕಾಯಿತು: ಬೆರಳ ನಡುವೆ ಉಜ್ಜಿದರೆ ನಿಜವಾದ ಬೆಳ್ಳಿ ಪುಡಿಯಾಗುತ್ತದೆ, ಅಲ್ಯೂಮಿನಿಯಂ ಉಂಡೆಗಟ್ಟುತ್ತದೆ, ಸುಟ್ಟರೆ ಬೆಳ್ಳಿ ಹೊಳೆಯುವ ಗುಂಡಾಗಿ ಉಳಿಯುತ್ತದೆ, ಅಲ್ಯೂಮಿನಿಯಂ ಕಪ್ಪು ಬೂದಿಯಾಗುತ್ತದೆ. ಲಖನೌದ ವಿಷವಿಜ್ಞಾನ ಸಂಸ್ಥೆಯ ಸಂಶೋಧಕರು ಮಾರುಕಟ್ಟೆಯ ರೇಕುಗಳಲ್ಲಿ ಸೀಸ, ಕ್ಯಾಡ್ಮಿಯಂ, ನಿಕೆಲ್‌ಗಳ ಅಂಶವನ್ನೂ ಗುರುತಿಸಿದ್ದಾರೆ. ಶುದ್ಧ ಬೆಳ್ಳಿಯ ವಿಷಯದಲ್ಲಿಯೂ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2016ರ ಮರುಪರಿಶೀಲನೆಯಲ್ಲಿ, ಇ174 ಎಂಬ ಸಂಕೇತದ ಈ ಸೇರ್ಪಡೆ ಸುರಕ್ಷಿತವೋ ಅಲ್ಲವೋ ಎಂದು ನಿರ್ಣಯಿಸಲು ಲಭ್ಯ ಮಾಹಿತಿ ಸಾಲದೆಂದಿತು. ಹಬ್ಬಕ್ಕೊಂದು ತುಂಡು ತಿಂದವರು ಹೆದರಬೇಕಾಗಿಲ್ಲ; ಆದರೆ ಪೌಷ್ಟಿಕವೆಂದೂ ಆಯುರ್ವೇದ ಸಮ್ಮತವೆಂದೂ ಇದನ್ನು ಹೊಗಳುವುದು ಸುಳ್ಳು, ಏಕೆಂದರೆ ಆಯುರ್ವೇದದ ರಜತ ಭಸ್ಮವು ಶೋಧನ, ಮಾರಣಗಳೆಂಬ ಸಂಸ್ಕಾರಗಳಿಂದ ಸಿದ್ಧವಾಗುವ ಔಷಧ, ಬಡಿದ ಹಾಳೆಯಲ್ಲ.

ಕರ್ನಾಟಕಕ್ಕೆ ಈ ಹೊಳಪು ಅನಿವಾರ್ಯವೂ ಅಲ್ಲ. ಮೈಸೂರು ಪಾಕ್, ಧಾರವಾಡ ಪೇಡೆ, ಬೆಳಗಾವಿಯ ಕುಂದಾ, ಗೋಕಾಕದ ಕರದಂಟು ಯಾವ ಲೋಹದ ನೆರವೂ ಇಲ್ಲದೆ ಹೆಸರು ಗಳಿಸಿವೆ. ಈ ನಾಡಿನ ಚಿನ್ನದ ರೇಕು ಶೋಭಿಸಿದ್ದು ಮೈಸೂರು ಶೈಲಿಯ ಚಿತ್ರಗಳಲ್ಲಿ. ಆದರೂ ಬೆಂಗಳೂರಿನ ಅಂಗಡಿಗಳಲ್ಲಿ ಬೆಳ್ಳಿ ಹೊದ್ದ ಮಿಠಾಯಿ ರಾಶಿಬಿದ್ದಿರುವಾಗ, ಬಿಡಿ ಮಿಠಾಯಿಗೆ ಲೇಬಲ್ ಸಾಧ್ಯವಿಲ್ಲವೆಂಬ ನೆಪ ಸಲ್ಲದು. 2020ರ ಅಕ್ಟೋಬರ್ 1ರಿಂದ ಬಿಡಿ ಮಿಠಾಯಿಯ ತಟ್ಟೆಯ ಮುಂದೆ ಎಂದಿನೊಳಗೆ ತಿನ್ನಬೇಕೆಂಬ ದಿನಾಂಕ ಬರೆಯುವುದು ಕಡ್ಡಾಯವಾಗಿದೆ. ಆ ಚೀಟಿಯಲ್ಲೇ ರೇಕು ಯಂತ್ರದ್ದೋ ಕರುಳಿನ ಪೊರೆಯಲ್ಲಿ ಬಡಿದದ್ದೋ ಎಂಬ ಒಂದು ಸಾಲನ್ನು ಸೇರಿಸಲು ಹೊಸ ಕಾಗದವೂ ಬೇಕಾಗಿಲ್ಲ. ತಯಾರಕರ ಲಿಖಿತ ಪ್ರಮಾಣಪತ್ರವಿಲ್ಲದ ರೇಕು ಹೊದಿಸಿದ ತಿನಿಸಿಗೆ ಹಸಿರು ಚುಕ್ಕೆಯನ್ನು ನಿರಾಕರಿಸಬೇಕು, ಮತ್ತು ದೀಪಾವಳಿಯ ಮುನ್ನ ಖೋವಾ, ತುಪ್ಪಗಳ ಮಾದರಿ ಸಂಗ್ರಹಿಸುವ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಅವುಗಳ ಜೊತೆ ರೇಕನ್ನೂ ಪ್ರಯೋಗಾಲಯಕ್ಕೆ ಕಳಿಸಿ, ಫಲಿತಾಂಶವನ್ನು ಅಂಗಡಿಯ ಹೆಸರು ಸಹಿತ ಪ್ರಕಟಿಸಬೇಕು.